ಮನೆಯವರ ಕುರ್ಚಿ

ನನ್ನ ತಮ್ಮನ ಹೆಂಡತಿ ಇಂದ್ರಾಣಿಯನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಆಮೇಲೆ ಊರಿನವರ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ. ಅವಳಲ್ಲಿ ಕೆಟ್ಟ ಗುಣ ಹುಡುಕಿ ಹುಡುಕಿ ಸೋತಿದ್ದೇನೆ. ಸಾರು ಚೆನ್ನಾಗಿ ಮಾಡುತ್ತಾಳೆ, ದನಿ ಎತ್ತಿ ಮಾತಾಡುವುದಿಲ್ಲ, ಪಕ್ಕದ ಅವರ ಮನೆಯ ಹೊಸಿಲು ನಾನು ದಾಟಿದರೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾಳೆ. ಅದಕ್ಕೇ ಇನ್ನೂ ಉರಿಯುತ್ತದೆ. ಜಗಳವಾಡಲು ಒಂದು ನೆಪವನ್ನೂ ಕೊಡದ ಹೆಂಗಸಿನ ಜೊತೆ ಹೇಗೆ ಬಾಳುವುದು?

ನನ್ನದು ಹಿಟ್ಟಿನ ಗಿರಣಿ. ನಮ್ಮಪ್ಪ ಬಿಟ್ಟುಹೋದದ್ದು ಆ ಗಿರಣಿ ಮತ್ತು ನನ್ನ ತಮ್ಮ ಮರಿಸ್ವಾಮಿ, ಎರಡೇ. ಅವ್ವ ಅವನನ್ನು ಹೆತ್ತು ಹೆಚ್ಚು ದಿನ ಉಳಿಯಲಿಲ್ಲ. ನಾನಿನ್ನೂ ಲಂಗ ತೊಡುವ ಹುಡುಗಿ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಜನರ ರಾಗಿ ತೂಗುತ್ತಿದ್ದೆ, ಜೋಳ ಸುರಿಯುತ್ತಿದ್ದೆ. ಗಿರಣಿಯ ಬೆಲ್ಟು ತಿರುಗುವ ಸದ್ದೇ ಅವನಿಗೆ ಜೋಗುಳ. ಸದ್ದು ನಿಂತರೆ ಎದ್ದು ಅಳುತ್ತಿದ್ದ. ನನ್ನನ್ನು ನೋಡಲು ಎರಡು ಗಂಡುಗಳು ಬಂದಿದ್ದವು, ಹುಡುಗಿಯ ಜೊತೆ ಹುಡುಗನೂ ಬರುತ್ತಾನೆ ಎಂದು ಕೇಳಿ ಉಪ್ಪಿಟ್ಟು ತಿಂದು ಎದ್ದುಹೋದವು. ಹೋಗಲಿ, ನನಗೇನೂ ಬೇಜಾರಿರಲಿಲ್ಲ. ಮರಿ ಇದ್ದ.

ನಮ್ಮೂರಿನಲ್ಲಿ ಚಪ್ಪಾಳೆ ತಟ್ಟಿಸಿಕೊಂಡವರನ್ನು ಅದು ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ಗೋಲು ಹೊಡೆದ ಹುಡುಗ ಮರುದಿನ ಕ್ಲಾಸಿನ ಬಾಗಿಲು ದಾಟಿದರೆ ಸಾಕು, ನಿನ್ನೆಯ ಚಪ್ಪಾಳೆ ಅವನ ಬೆನ್ನ ಹಿಂದೆಯೇ ಬರುತ್ತದೆ. ಅದು ನಿಲ್ಲುವವರೆಗೆ ಮೇಷ್ಟ್ರು ಒರೆಸಿದ ಬೋರ್ಡನ್ನೇ ಒರೆಸುತ್ತ ಕಾಯುತ್ತಾರೆ. ಒಬ್ಬಿಬ್ಬರು ತಟ್ಟಿದ್ದಾದರೆ ಎರಡು ಮೂರು ದಿನಕ್ಕೆ ಸವೆಯುತ್ತದೆ, ಊರೇ ತಟ್ಟಿದರೆ ವರ್ಷಗಟ್ಟಲೆ. ನಿವೃತ್ತರಾದ ಹೆಡ್‌ಮೇಷ್ಟ್ರ ಬೀಳ್ಕೊಡುಗೆ ಚಪ್ಪಾಳೆ ಅವರ ಮುಪ್ಪಿನವರೆಗೂ ಇತ್ತು. ಕೊನೆಕೊನೆಗೆ ತುತ್ತು ಬಾಯಿಗಿಟ್ಟಾಗ ಮಾತ್ರ ಪಟ್ ಪಟ್ ಎಂದು ಎರಡು ಕೇಳುತ್ತಿತ್ತು, ಮೊಮ್ಮಕ್ಕಳು ನಗುತ್ತಿದ್ದರು. ಹಾಗಾಗಿ ನಾವು ಕೈಬಿಗಿ ಜನ. ಸಂಗೀತಕ್ಕೆ ತಲೆ ತೂಗುತ್ತೇವೆ. ಮಗು ಮೊದಲ ಹೆಜ್ಜೆ ಇಟ್ಟರೆ ಚಿಟಿಕೆ ಹಾಕುತ್ತೇವೆ, ಚಪ್ಪಾಳೆ ಅಂಟಿದ ಮಗು ನಿದ್ದೆ ಮಾಡುವುದಿಲ್ಲ. ಚಪ್ಪಾಳೆ ಜಾಸ್ತಿಯಾದವರು ನಾಲ್ಕು ಮಾತು ನೆಮ್ಮದಿಯಾಗಿ ಆಡಬೇಕೆಂದರೆ ನನ್ನ ಗಿರಣಿಗೆ ಬರುತ್ತಾರೆ, ಅದರ ಸದ್ದು ಎಲ್ಲವನ್ನೂ ನುಂಗುತ್ತದೆ. ಊರಿನ ಕೀರ್ತಿವಂತರೆಲ್ಲ ನನ್ನ ಮೂಟೆಗಳ ಮೇಲೆ ಕೂತು ಎದ್ದವರೇ. ನನಗೆ ಮಾತ್ರ ಯಾರೂ ಒಂದು ಸಲವೂ ತಟ್ಟಿದ್ದಿಲ್ಲ. ಹಿಟ್ಟು ನುಣ್ಣಗೆ ಬಂತೆಂದು ಯಾರು ಚಪ್ಪಾಳೆ ತಟ್ಟುತ್ತಾರೆ?

ಸೈನಿಕರಿಗೂ ಯಾರೂ ತಟ್ಟುವಂತಿಲ್ಲ. ಗಡಿಗುಡ್ಡದ ಮೇಲೆ ಉಸಿರು ಹಿಡಿದು ಕೂರುವ ಕೆಲಸ ಅವರದು, ಬೆನ್ನಿಗೆ ಚಪ್ಪಾಳೆ ಕಟ್ಟಿಕೊಂಡು ಹೋದರೆ ಆಚೆಯವರಿಗೆ ತಾವೇ ವಿಳಾಸ ಕೊಟ್ಟಂತೆ. ದಂಡಿಗೆ ಸೇರಲು ಬಂದ ಹುಡುಗರನ್ನು ಸದ್ದಿಲ್ಲದ ಕೋಣೆಯೊಳಗೆ ಕೂಡಿಹಾಕಿ ಕಿವಿಗೊಟ್ಟು ಪರೀಕ್ಷೆ ಮಾಡುತ್ತಾರೆ. ಆದರೆ ಅಷ್ಟು ಕಷ್ಟಪಡುವವರಿಗೆ ಏನೂ ಇಲ್ಲವೆಂದರೆ ಹೇಗೆ? ಅದಕ್ಕೆ ದಂಡಿನ ಕಪ್ಪು ಎಂಬ ಫುಟ್‌ಬಾಲ್ ಪಂದ್ಯದ ದಿನ ಒಂದು ಏರ್ಪಾಡು. ವರ್ಷಕ್ಕೊಬ್ಬ ಸೈನಿಕನನ್ನು ಆರಿಸಿ, ಅವನಿಗೆ ಸಲ್ಲಬೇಕಾದ ಚಪ್ಪಾಳೆಯನ್ನು ಅವನ ಮನೆಯವರೊಬ್ಬರಿಗೆ ಕೊಡುತ್ತಾರೆ. ಮೈದಾನದ ನಟ್ಟನಡುವೆ ಕೆಂಪು ಮಖಮಲ್ಲಿನ ಕುರ್ಚಿ ಹಾಕುತ್ತಾರೆ. ಅದಕ್ಕೆ ಮನೆಯವರ ಕುರ್ಚಿ ಎಂದು ಹೆಸರು.

ಮರಿ ದಂಡಿಗೆ ಸೇರಿದ ವರ್ಷದಿಂದ ನಾನು ಆ ಕುರ್ಚಿಯ ದಾರಿ ಕಾಯುತ್ತಿದ್ದೆ. ಅದಕ್ಕೆಂದೇ ಒಂದು ಹಸಿರು ರೇಷ್ಮೆ ಸೀರೆ ತೆಗೆದು ಟ್ರಂಕಿನಲ್ಲಿಟ್ಟಿದ್ದೆ. ಮಡಿಕೆಯಲ್ಲಿ ಹರಿಯಬಾರದೆಂದು ಆಗಾಗ ಬಿಚ್ಚಿ ಬೇರೆ ಮಡಿಕೆ ಹಾಕಿ ಇಡುತ್ತಿದ್ದೆ. ಈ ವರ್ಷ ಕೊನೆಗೂ ಮರಿಯ ಸರದಿ ಬಂತು. ಆದರೆ ಹೋದ ಮಾಘದಲ್ಲಿ ಅವನ ಮದುವೆಯಾಗಿತ್ತು.

ಹವಾಲ್ದಾರ ಅವನ ಮನೆಗೆ ಬಂದು ಕೇಳಿದಾಗ ಮರಿ ರಜೆಯಲ್ಲಿ ಬಂದು ಜಗಲಿಯ ಮೇಲೆ ಕೂತಿದ್ದ. "ಯಾರ್ನ ಕೂರಿಸ್ತೀಯಪ್ಪ?" ಎಂದ ಹವಾಲ್ದಾರ. ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಒಳಗೆ ಇಂದ್ರಾಣಿಯ ಬಳೆ ಸದ್ದು ನಿಂತಿತು.

ಮರಿ ಕಂಬ ಹಿಡಿದುಕೊಂಡು ನಿಧಾನವಾಗಿ ಎದ್ದ. ಅವನು ಎದ್ದೇಳುವುದೇ ಹಾಗೆ, ಗೋಡೆಯನ್ನೋ ಕಂಬವನ್ನೋ ಹಿಡಿಯದೆ ಏಳುವುದಿಲ್ಲ. ಮೀಸೆ ಮೂಡುವ ವಯಸ್ಸಿಗೇ ಆ ಅಭ್ಯಾಸ ಹತ್ತಿತ್ತು. ಮಂಡಿನೋವಿರಬೇಕೆಂದು ನಾನು ಎಷ್ಟೋ ಸಲ ಎಣ್ಣೆ ಕಾಸಿ ಕೊಟ್ಟಿದ್ದೆ.

"ಅಕ್ಕ," ಎಂದ, ನನ್ನ ಮುಖ ನೋಡದೆ. "ಅವಳು ಹೊಸಬಳು. ಊರಿನೋರು ಯಾರೂ ಇನ್ನೂ ಅವಳನ್ನ ನಮ್ಮೋಳು ಅಂತ ಅಂದ್ಕೊಂಡಿಲ್ಲ. ಈ ಸಲ ಅವಳು ಕೂತ್ಕೊಳ್ಲಿ. ಏನಂತೀಯ?"

"ನಾನೇನನ್ನೋದು? ನಿನ್ನ ಚಪ್ಪಾಳೆ, ನಿನ್ನ ಹೆಂಡ್ತಿ," ಎಂದೆ. ಕಾಫಿ ಲೋಟವನ್ನು ಹವಾಲ್ದಾರನ ಮುಂದೆ ಕುಕ್ಕಿದ ರಭಸಕ್ಕೆ ಅರ್ಧ ಅವನ ಬೂಟಿನ ಮೇಲೆ ಚೆಲ್ಲಿತು. ಸಂಜೆ ಹಸಿರು ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಕಂಬಳಿ ತುರುಕಿದೆ. ಹೆತ್ತವಳಲ್ಲ, ಸರಿ. ಆದರೂ ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಹಾಗಾಯಿತು. ಹೇಲು ಉಚ್ಚೆ ಬಾಚಿದವಳು ಗ್ಯಾಲರಿಯಲ್ಲಿ, ಮಾಘದಲ್ಲಿ ಬಂದವಳು ಮಖಮಲ್ಲಿನ ಮೇಲೆ.

ದಂಡಿನ ಕಪ್ಪು ಎಂದರೆ ದೊಡ್ಡ ಪಂದ್ಯವೇನಲ್ಲ. ಬೇರೆ ಎಲ್ಲ ಕಡೆ ಸೋತು ಬಂದ ಎರಡು ಕಾಲೇಜುಗಳಿಗೆ ಇದೊಂದು ಸಮಾಧಾನ. ಈ ಸಲ ಮೇಲ್ಪೇಟೆ ಕಾಲೇಜಿಗೂ ಕೆರೆಕೆಳಗಿನ ಕಾಲೇಜಿಗೂ ಇತ್ತು. ಕಪ್ಪು ಎಷ್ಟು ಚಿಕ್ಕದೆಂದರೆ ಹೋದ ವರ್ಷ ಗೆದ್ದವರ ಪ್ರಿನ್ಸಿಪಾಲರು ಅದರಲ್ಲಿ ಪೆನ್ನು ಇಡುತ್ತಿದ್ದರಂತೆ. ಜನ ಬರುವುದು ಆಟಕ್ಕಲ್ಲ, ದಂಡಿನ ಸಡಗರಕ್ಕೆ. ಬ್ಯಾಂಡಿನವರು ಚೀಲದ ಪೀಪಿ ಊದುತ್ತ ಬರುತ್ತಾರೆ, ಕುದುರೆಗಳು ಬರುತ್ತವೆ, ಕೆರೆ ಏರಿಯ ಮೇಲೆ ಫಿರಂಗಿ ಹಾರಿಸುತ್ತಾರೆ. ಒಬ್ಬ ಸೈನಿಕ ಪ್ಯಾರಾಚೂಟಿನಲ್ಲಿ ಚೆಂಡು ಹಿಡಿದು ಇಳಿಯುತ್ತಾನೆ. ಹೆಲಿಕಾಪ್ಟರಿನಿಂದ ಚೆಂಡುಹೂವಿನ ಎಸಳು ಸುರಿಸುತ್ತಾರೆ. ಗಾಳಿ ಲೆಕ್ಕ ತಪ್ಪಿ ಆ ಹೂವು ಪ್ರತಿ ವರ್ಷವೂ ಪಕ್ಕದ ಅಗಸರ ಕಟ್ಟೆಯ ಮೇಲೆ ಬೀಳುತ್ತದೆ. ಒಗೆದ ಬಟ್ಟೆಯೆಲ್ಲ ಹಳದಿಯಾಗಿ ಅಗಸರು ಬೈಯುವುದು ಗ್ಯಾಲರಿಯವರೆಗೆ ಕೇಳಿಸುತ್ತದೆ.

ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ, ಪಕ್ಕದಲ್ಲಿ ನಮ್ಮ ಬೀದಿಯ ಹಪ್ಪಳದ ಸಾಕಮ್ಮ. ಸಾಕಮ್ಮನಿಗೆ ಪರರ ಮನೆಯ ಬೆಂಕಿಯಲ್ಲಿ ಚಳಿ ಕಾಯಿಸುವ ಬುದ್ಧಿ. "ನೀನು ಕೂರ್ಬೇಕಾಗಿತ್ತು ಬಿಡು ಹೊನ್ನಕ್ಕ, ಆ ಕುರ್ಚಿ ಮೇಲೆ," ಎಂದು ಮೊದಲರ್ಧ ಆಟ ಮುಗಿಯುವುದರೊಳಗೆ ಎಷ್ಟು ಸಲ ಅಂದಳೋ. ಆಟವನ್ನು ನಾನು ನೋಡಲಿಲ್ಲ. ಚೆಂಡು ಅತ್ತಿತ್ತ ಹೋಗುತ್ತಿತ್ತು, ನನ್ನ ಕಣ್ಣು ಅಂಚಿನಲ್ಲಿ ಕಾದಿದ್ದ ಕುರ್ಚಿಯ ಮೇಲೆ.

ಅರ್ಧ ಆಟ ಮುಗಿಯಿತು. ಕುರ್ಚಿಯನ್ನು ನಡುವೆ ತಂದಿಟ್ಟರು. ಇಂದ್ರಾಣಿ ಕಡುಗೆಂಪು ಸೀರೆಯುಟ್ಟು ಬಂದಳು, ಇಬ್ಬರು ಸಿಪಾಯಿಗಳು ಆಚೆ ಈಚೆ. ಹೆಸರಿಗೆ ತಕ್ಕ ಹಾಗೆ ಸಿಂಹಾಸನವೇ ಸಿಕ್ಕಿತಲ್ಲ ಎಂದುಕೊಂಡೆ. ಆಗ ಹೆಲಿಕಾಪ್ಟರು ಬಂತು. ಎಂದೂ ಮೈದಾನಕ್ಕೆ ಬೀಳದ ಹೂವು ಅವತ್ತು ಒಂದು ಎಸಳೂ ಆಚೆ ಹೋಗದೆ ಸುರಿಯಿತು. ಅವಳ ತಲೆಯ ಮೇಲೆ, ಮಡಿಲಲ್ಲಿ, ಸುತ್ತಲಿನ ಹುಲ್ಲಿನ ಮೇಲೆಲ್ಲ ಬಿತ್ತು. ಗಾಳಿಯೂ ಅವಳ ಕಡೆಗೇ! ಜನ ಎದ್ದು ತಟ್ಟಿದರು. ಕೈಬಿಗಿ ಊರು, ವರ್ಷವಿಡೀ ಕೂಡಿಟ್ಟದ್ದನ್ನೆಲ್ಲ ಒಂದೇ ಸಲ ಅವಳ ಮೇಲೆ ಸುರಿಯಿತು.

"ತಟ್ಟೇ ಹೊನ್ನಕ್ಕ, ಜನ ನೋಡ್ತಾರೆ," ಎಂದಳು ಸಾಕಮ್ಮ.

ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತೆ. ತಟ್ಟಲಿಲ್ಲ. ಕಲ್ಲಿನ ಗ್ಯಾಲರಿ ಅಂಗೈಗೆ ಚುಚ್ಚುತ್ತಿತ್ತು, ಇನ್ನೂ ಒತ್ತಿ ಕೂತೆ.

ಆಮೇಲೆ ಸದ್ದಿಲ್ಲದ ನಡಿಗೆ. ಗಡಿಗೆ ಹೋಗುವ ತುಕಡಿ ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತದೆ, ಮಲಗುತ್ತದೆ, ತೆವಳುತ್ತದೆ. ಇಡೀ ಊರು ಉಸಿರು ಬಿಗಿಹಿಡಿದು ಕಿವಿಗೊಡುತ್ತದೆ. ಯಾವ ಹುಡುಗನ ಬೆನ್ನಿಗೂ ಯಾವ ಸದ್ದೂ ಇಲ್ಲವೆಂದು ಊರೇ ಸಾಕ್ಷಿ ಹೇಳಿ ಕಳಿಸಿದ ಹಾಗೆ. ಕುದುರೆಗಳ ಬಾಯಿಗೂ ಅವತ್ತು ಚೀಲ ಕಟ್ಟಿರುತ್ತಾರೆ. ಇಂದ್ರಾಣಿಯನ್ನು ಕುರ್ಚಿ ಬಿಟ್ಟು ಅಲ್ಲಾಡಬೇಡವೆಂದು ಹೇಳಿದ್ದರು, ಅಲ್ಲಾಡದಿದ್ದರೆ ಚಪ್ಪಾಳೆಯೂ ಅಲ್ಲಾಡುವುದಿಲ್ಲ. ತುಕಡಿ ಅವಳ ಕುರ್ಚಿ ಬಳಸಿ ಹೊರಟಿತು. ಮರಿ ಮೂರನೆಯವನೋ ನಾಲ್ಕನೆಯವನೋ ಇದ್ದ. ಅವನು ಹೆಂಡತಿಯ ಕಡೆ ಒಂದು ಗಳಿಗೆ ಕಣ್ಣು ಹಾಯಿಸಿದ. ಕಾಲ ಕೆಳಗೆ ಚೆಂಡುಹೂವಿನ ರಾಶಿ. ಬೂಟು ಜಾರಿತು. ಮುಗ್ಗರಿಸಿ ಬಿದ್ದ.

ಬಿದ್ದವನು ಹಿಡಿಯಲು ಏನಾದರೂ ಸಿಗುತ್ತದೇನೋ ಎಂದು ಕೈಯಾಡಿಸಿದ್ದನ್ನು ಕಂಡೆ. ಬಯಲು ಮೈದಾನದಲ್ಲಿ ಏನು ಸಿಗುತ್ತದೆ? ಹಿಂದಿನವರು ಕಾಯುತ್ತಿದ್ದರು. ಅವನು ಏನನ್ನೂ ಹಿಡಿಯದೆ ಎದ್ದ.

ಪಟ್. ಒಂದು ಕ್ಷಣ ಬಿಟ್ಟು, ಪಟ್ ಪಟ್.

ಚಿಕ್ಕ ಕೈಗಳ ಚಪ್ಪಾಳೆ. ಇಡೀ ಮೈದಾನಕ್ಕೆ ಕೇಳಿಸಿತು.

ನನಗೆ ತಕ್ಷಣ ಗುರುತು ಸಿಕ್ಕಿತು. ನಮ್ಮ ಗಿರಣಿಯ ಕಟ್ಟೆಯ ಮೇಲೆ ಅವನು ಮೊದಲ ಸಲ ಬಿದ್ದು ತಾನಾಗಿ ಎದ್ದು ನಿಂತ ದಿನ. ಚಿಟಿಕೆ ಹಾಕಬೇಕೆಂದು ಹೇಳಿಕೊಡಲು ನನಗಾದರೂ ಯಾರಿದ್ದರು? ಆಶ್ಚರ್ಯಕ್ಕೆ ಒಂದು ತಟ್ಟಿ, ಆಮೇಲೆ ಖುಷಿಗೆ ಎರಡು ತಟ್ಟಿದ್ದೆ. ಗಿರಣಿಯ ಸದ್ದಿನಲ್ಲಿ ಅದು ಆಮೇಲೆ ನನಗೆ ಕೇಳಿಸಿರಲೇ ಇಲ್ಲ. ಒಬ್ಬಳೇ ತಟ್ಟಿದ್ದು, ಎಂದೋ ಸವೆದುಹೋಗಿರಬೇಕೆಂದು ಮರೆತಿದ್ದೆ; ಇಷ್ಟು ವರ್ಷ ಹೇಗೆ ಉಳಿಯಿತೋ. ಅವನು ಅಷ್ಟು ವರ್ಷ ಗೋಡೆ ಕಂಬ ಹಿಡಿದು ಅದನ್ನು ಮುಚ್ಚಿಟ್ಟುಕೊಂಡು ತಿರುಗಿದ್ದ. ಎಂಥಾ ಮಂಡಿನೋವು, ಎಂಥಾ ಎಣ್ಣೆ!

ಕರ್ನಲ್ ಸಾಹೇಬರು ಕೋಲು ಎತ್ತಿದರು. ತುಕಡಿ ನಿಂತಿತು. ಅಂಥ ನಿಶ್ಶಬ್ದದಲ್ಲಿ ಸದ್ದು ಎಲ್ಲಿಂದ ಬಂತೆಂದು ಹೇಳುವುದು ಕಷ್ಟ, ಮೈದಾನದಿಂದ ಬಂತೋ ಗ್ಯಾಲರಿಯಿಂದಲೋ. ಅವರು ಮೈಕಿನಲ್ಲಿ ಕೇಳಿದರು: "ಇದು ಜನರಲ್ಲಿ ಯಾರಾದರೂ ತಟ್ಟಿದ್ದೋ, ಈ ಹುಡುಗನ ಮೇಲೇ ಇದ್ದದ್ದೋ?"

ಈಗ ತಟ್ಟಿದ್ದಾದರೆ ಹೆದರಿಕೆಯಿಲ್ಲ, ಎರಡು ಮೂರು ದಿನ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಸವೆದ ಮೇಲೆ ಕಳಿಸುತ್ತಾರೆ. ಮೇಲೇ ಇದ್ದದ್ದಾದರೆ ಗಡಿ ಮುಗಿಯಿತು. ಉಗ್ರಾಣದಲ್ಲಿ ಕಂಬಳಿ ಎಣಿಸುತ್ತ ಕೂರಬೇಕು, ಸುಳ್ಳು ಹೇಳಿ ಸೇರಿದವನೆಂಬ ಹೆಸರು ಬೇರೆ. ಮರಿ ಕಲ್ಲಾಗಿ ನಿಂತಿದ್ದ. ಚಿಕ್ಕಂದಿನಿಂದ ಅವನಿಗೆ ಬೇಕಾಗಿದ್ದದ್ದು ಆ ಗುಡ್ಡವೊಂದೇ. ಅವನು ಹೆಂಡತಿಯ ಕಡೆ ನೋಡಲಿಲ್ಲ. ಮೂರನೇ ಸಾಲಿನ ಕಡೆ ನೋಡಿದ.

ನಿಜ ಹೇಳುತ್ತೇನೆ, ನನ್ನ ಮೊದಲ ಆಸೆ ಸುಮ್ಮನಿರುವುದೇ. ಸುಮ್ಮನಿದ್ದರೆ ಇಡೀ ಊರಿಗೆ ತಿಳಿಯುತ್ತಿತ್ತು, ಅವಳಿಗೆ ಊರಿನ ಚಪ್ಪಾಳೆ ಸಿಕ್ಕರೆ ಸಿಗಲಿ, ಅವನ ಮೈಮೇಲಿರುವುದು ನನ್ನದು ಎಂದು. ಇವನೂ ಊರಿನಲ್ಲೇ ಉಳಿಯುತ್ತಿದ್ದ. ಆ ಆಸೆಯ ರುಚಿ ಎಷ್ಟಿತ್ತೆಂದರೆ ನಾಲಿಗೆಯ ಮೇಲೆ ಬೆಲ್ಲ ಇಟ್ಟ ಹಾಗೆ. ಅದನ್ನು ಇನ್ನೊಂದು ಗಳಿಗೆ ಚೀಪುತ್ತ ಕೂತಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅವನ ಗಲ್ಲ ನಡುಗುವುದು ಕಂಡಿತು. ಬಿದ್ದ ಮಗು ಅಳುವ ಮುಂಚೆ ಮಾಡುವ ಮುಖ ಅದು, ನನಗೆ ಗೊತ್ತಿಲ್ಲದ್ದೇ? ತೊಡೆಯ ಕೆಳಗಿನಿಂದ ಕೈ ತೆಗೆದು ಎದ್ದು ನಿಂತೆ.

"ನಾನು ಸಾರ್. ನಾನು ತಟ್ಟಿದ್ದು."

"ಸೈನಿಕರಿಗೆ ತಟ್ಟಬಾರದು ಅಂತ ಗೊತ್ತಿಲ್ಲವೇನಮ್ಮ? ಯಾಕೆ ತಟ್ಟಿದಿರಿ?"

"ಹೊಟ್ಟೆಕಿಚ್ಚು ಸಾರ್," ಎಂದೆ. "ಅವನ್ನ ಸಾಕಿದ್ದು ನಾನು. ಎಲ್ಲಾ ಚಪ್ಪಾಳೆನೂ ಅವಳಿಗೇ ಹೋಯ್ತು. ತಡ್ಕೊಳಕ್ಕಾಗ್ಲಿಲ್ಲ."

ಗ್ಯಾಲರಿಗೆ ಗ್ಯಾಲರಿಯೇ ನಕ್ಕಿತು. ಒಬ್ಬರಾದರೂ ಅನುಮಾನಪಡಲಿ! ಹೊನ್ನಕ್ಕನ ಹೊಟ್ಟೆಕಿಚ್ಚು ಊರಿಗೆಲ್ಲ ಗೊತ್ತಿದ್ದದ್ದೇ ಎನ್ನುವ ಹಾಗೆ ತಲೆಯಾಡಿಸಿದರು. ನಾನು ಕೈ ಎಲ್ಲಿಟ್ಟುಕೊಂಡಿದ್ದೆನೆಂದು ಪಕ್ಕದಲ್ಲೇ ಕೂತು ನೋಡಿದ್ದ ಸಾಕಮ್ಮನೂ ಎದ್ದಳು. ಮುಗಿಯಿತು ಎಂದುಕೊಂಡೆ. "ಹೌದು ಸಾರ್! ಇವ್ಳೇ ತಟ್ಟಿದ್ದು. ನನ್ನ ಕಣ್ಣಾರೆ ಕಂಡೆ!" ಎಂದು ಕೂಗಿದಳು. ನನ್ನ ಮಾನ ಹೋಗುವ ಅವಕಾಶವನ್ನು ಅವಳು ಬಿಡುವುದುಂಟೆ? ಅವಳಿಗೆ ಒಳ್ಳೆಯದಾಗಲಿ.

ಕರ್ನಲ್ ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. "ಹಾಗಾದರೆ ಇನ್ನೊಮ್ಮೆ ತಟ್ಟಿ. ಕೇಳಬೇಕು."

"ಯಾರಿಗೆ ಸಾರ್?"

ಅವರು ಅತ್ತಿತ್ತ ನೋಡಿ ಕೋಲಿನಿಂದ ಗೋಲುಕಂಬ ತೋರಿಸಿದರು. ನಾನು ಕಂಬದ ಕಡೆ ತಿರುಗಿ ಒಂದು ತಟ್ಟಿದೆ, ಕ್ಷಣ ಬಿಟ್ಟು ಎರಡು ತಟ್ಟಿದೆ. ಕೈ ಈಗ ದಪ್ಪವಾಗಿತ್ತು, ಆದರೆ ತಟ್ಟುವ ರೀತಿ ಅದೇ. ಅವರು ಕಣ್ಣು ಮುಚ್ಚಿ ಕೇಳಿ, ಸರಿ ಎಂದರು. ಮರಿಯನ್ನು ಕೋಣೆಗೆ ಕರೆದೊಯ್ದರು. ನನ್ನನ್ನು ಗೇಟಿನಿಂದ ಹೊರಗೆ ಹಾಕಿದರು. ಬದುಕಿರುವವರೆಗೆ ಇನ್ನು ಆ ಮೈದಾನಕ್ಕೆ ಕಾಲಿಡುವಂತಿಲ್ಲ.

ಉಳಿದರ್ಧ ಆಟವನ್ನು ನಾನು ಗೋಡೆಯ ಆಚೆ ಕಡಲೆಕಾಯಿ ಗಾಡಿಯ ಪಕ್ಕ ನಿಂತು ಕೇಳಿದೆ. ಕೊನೆಯಲ್ಲಿ ಯಾರೋ ಬಾರಿಸಿದ ಚೆಂಡು ಕಂಬಕ್ಕೆ ಬಡಿದಿರಬೇಕು. ಪಟ್, ಪಟ್ ಪಟ್ ಎಂದಿತು ಕಂಬ. ಗೋಲು ತಪ್ಪಿದ್ದಕ್ಕೂ ಚಪ್ಪಾಳೆ! ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಯಾರು ಗೆದ್ದರೋ ನಾನು ಕೇಳಲಿಲ್ಲ.

ಕೋಣೆಯಲ್ಲಿ ಮರಿ ಗೋಡೆ ಹಿಡಿದು ಎದ್ದು ಪಾಸಾಗಿ, ಗುಡ್ಡಕ್ಕೆ ಹೊರಡುವ ಮುನ್ನ ಗಿರಣಿಗೆ ಬಂದ. ಏನೋ ಹೇಳಲು ಬಾಯಿ ತೆರೆದ. "ಸುಮ್ನಿರು," ಎಂದೆ. ಅವನು ಕಾಲಿಗೆ ಬೀಳಲು ಬಗ್ಗಿದ. ನಾನು ಕೈ ಚಾಚಿ ಗಿರಣಿಯ ಸ್ವಿಚ್ಚು ಒತ್ತಿದೆ. ಒಳಗೆ ಒಂದು ಕಾಳೂ ಇರಲಿಲ್ಲ, ಖಾಲಿ ಕಲ್ಲು ಗುಡುಗಿತು. ಆ ಸದ್ದಿನಲ್ಲಿ ಅವನು ಏನನ್ನೂ ಹಿಡಿಯದೆ ನೆಟ್ಟಗೆ ಎದ್ದು ನಿಂತ. ಅವನ ಕಣ್ಣು ತುಂಬಿತ್ತು. "ಮೇಲೆ ಕಲ್ಲುಬಂಡೆ ಹಿಡ್ಕೊಂಡೇ ಏಳು," ಎಂದು ಕಿವಿಯಲ್ಲಿ ಕೂಗಿ ಹೇಳಿದೆ.

ಆಮೇಲೆ ಒಂದು ವಾರ ಇಂದ್ರಾಣಿಯ ಮನೆಯಿಂದ ಬೀದಿಗೆಲ್ಲ ಚಪ್ಪಾಳೆ ಕೇಳಿಸುತ್ತಿತ್ತು. ನೀರು ಸೇದಿದರೆ ಚಪ್ಪಾಳೆ, ಕಸ ಗುಡಿಸಿದರೆ ಚಪ್ಪಾಳೆ. ನಾನು ಕಿಟಕಿ ಮುಚ್ಚಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಒಂದು ಮಧ್ಯಾಹ್ನ ಅವಳೇ ಗಿರಣಿಗೆ ಬಂದಳು. ಕಣ್ಣು ಕೆಂಪಾಗಿತ್ತು, ನಿದ್ದೆಯಿಲ್ಲದ ಮುಖ. ಹಿಂದೆಯೇ ಸಾವಿರ ಜನ ಬಂದ ಹಾಗೆ ಗದ್ದಲ. ನಾನು ಗಿರಣಿ ಹಾಕಿದೆ. ಅವಳು ಮೂಟೆಯ ಮೇಲೆ ಕುಸಿದು ಕೂತಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೂಗಿ ಕೂಗಿ ಮಾತಾಡಿದಳು. ಆ ಹೆಂಗಸು ದನಿ ಎತ್ತಿದ್ದು ಅದೇ ಮೊದಲು.

"ಅತ್ತಿಗೆ, ನಂಗೆ ಗೊತ್ತು ನೀವು ತಟ್ಟಿಲ್ಲ ಅಂತ."

ನಾನು ಜರಡಿ ಆಡಿಸುತ್ತಲೇ ಇದ್ದೆ.

"ಮದುವೆಯಾದ ಹೊಸದ್ರಲ್ಲಿ ಬಚ್ಚಲಲ್ಲಿ ಜಾರಿ ಬಿದ್ರು. ಎದ್ದಾಗ ಕೇಳಿಸ್ತು. ಯಾರ್ದು ಅಂತ ಕೇಳ್ದೆ. ಅಕ್ಕಂದು ಅಂದ್ರು. ಹೇಳ್ವಾಗ ಅವರ ಮುಖ ನೋಡ್ಬೇಕಿತ್ತು ನೀವು. ನನ್ನ ಬಗ್ಗೆ ಒಂದಿನಾನೂ ಹಾಗೆ ಮುಖ ಮಾಡಿ ಮಾತಾಡಿಲ್ಲ. ಅವತ್ತಿಂದ ನಂಗೆ ಹೊಟ್ಟೆ ಉರಿ. ನಿಮ್ಮನ್ನ ಕಂಡ್ರೆ ಎದ್ದು ನಿಲ್ತೀನಲ್ಲ, ಅದು ಮರ್ಯಾದೆಗಲ್ಲ ಅತ್ತಿಗೆ. ಕೂತಿದ್ರೆ ಏನಾದ್ರೂ ಅಂದ್ಬಿಡ್ತೀನೇನೋ ಅಂತ ಭಯ."

ಜರಡಿ ನಿಂತಿತು. ನನಗೆ ಎಷ್ಟು ಹಿತವಾಯಿತೆಂದು ಹೇಳಲಾರೆ. ಅಷ್ಟು ದಿನ ನಾನೊಬ್ಬಳೇ ಉರಿಯುತ್ತಿದ್ದೇನೆಂದುಕೊಂಡಿದ್ದೆ.

"ಈ ಊರಿನ ಚಪ್ಪಾಳೆಯೆಲ್ಲ ನೀವೇ ಇಟ್ಕೊಳಿ, ನಂಗೆ ಬೇಡ," ಎಂದಳು. "ಅವರು ವಾಪಸ್ ಬಂದ್ಮೇಲೆ, ಅವರ ಮೈಮೇಲಿರೋ ನಿಮ್ಮ ಚಪ್ಪಾಳೆ ಮೇಲೆ ನಾನೊಂದು ತಟ್ತೀನಿ. ಎರಡೂ ಬೆರೆತು ಹೋಗ್ಲಿ. ಅಷ್ಟಕ್ಕೆ ಒಪ್ಕೊಳಿ ಅತ್ತಿಗೆ. ಅದ್ರಲ್ಲಿ ಸ್ವಲ್ಪ ನಂಗೂ ಕೊಡಿ."

ನೋಡಿದೆ ಅವಳನ್ನು. ಕೂದಲಲ್ಲಿ ಇನ್ನೂ ಒಂದು ಒಣಗಿದ ಚೆಂಡುಹೂವಿನ ಎಸಳು ಸಿಕ್ಕಿಕೊಂಡಿತ್ತು. ಕೈ ಚಾಚಿ ಅದನ್ನು ತೆಗೆದು ಬಿಸಾಡಿದೆ.

"ಕೊಡಲ್ಲ," ಎಂದೆ.

ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. "ಎಂಥಾ ಹೊಟ್ಟೆಕಿಚ್ಚಿನ ಹೆಂಗ್ಸು ನೀವು!"

"ಕರ್ನಲ್ ಸಾಹೇಬ್ರ ಮುಂದೇನೇ ಒಪ್ಕೊಂಡಿದ್ದೀನಲ್ಲ," ಎಂದೆ. ಅವಳು ಮಲಗಲೆಂದು ಎರಡು ಖಾಲಿ ಚೀಲ ಹಾಸಿಕೊಟ್ಟು, ಸಂಜೆಯವರೆಗೆ ಗಿರಣಿ ನಿಲ್ಲಿಸಲಿಲ್ಲ.